ಎರವಲಿನ ವಂಶ

ಮನುಷ್ಯ ಬದುಕಿ ಉಳಿದದ್ದು ಬುದ್ಧಿಯಿಂದ ಅಂತ ಬುದ್ಧಿವಂತರು ಹೇಳುತ್ತಾರೆ. ಬೆಂಕಿಯಿಂದ ಅಂತ ಅಡುಗೆ ಬಲ್ಲವರು, ಎರಡು ಕಾಲಿನ ನಡಿಗೆಯಿಂದ ಅಂತ ಬೆಳಗಿನ ವಾಕಿಂಗ್ ಮಂಡಳಿಯವರು. ನನ್ನ ವಾದ ಇಷ್ಟೇ: ಪಕ್ಕದವರ ಮುಂದೆ ಕೈಚಾಚಲು ನಾಚಿಕೆಪಡಲಿಲ್ಲ, ಅದಕ್ಕೇ ಉಳಿದೆವು. ಎರವಲು ತರುವುದು ನಮ್ಮ ಕುಲಕಸುಬು.

ಬೇಲಿಯ ಆಚೆ ದಾಸವಾಳದ ರೆಂಬೆ ಕತ್ತರಿಸುತ್ತಿದ್ದ ಮೇಷ್ಟ್ರಿಗೆ ಇದನ್ನು ಹೇಳಿದೆ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಕತ್ತರಿ ನಿಲ್ಲಿಸದೆಯೇ ಅಂದರು: "ಬಲ ಇದ್ದದ್ದು ಉಳೀತದೆ, ಇಲ್ಲದ್ದು ಅಳೀತದೆ. ಡಾರ್ವಿನ್ ಹೇಳಿಲ್ವೇನ್ರೀ?"

"'ಸರ್ವೈವಲ್ ಆಫ್ ದಿ ಫಿಟ್ಟೆಸ್ಟ್' ಅನ್ನೋ ಆ ಘೋಷಣೆ ಹುಟ್ಟಿಸಿದ್ದು ಹರ್ಬರ್ಟ್ ಸ್ಪೆನ್ಸರ್ ಮೇಷ್ಟ್ರೇ, 1864ರಲ್ಲಿ. ಡಾರ್ವಿನ್ ತಮ್ಮ ಪುಸ್ತಕದ ಐದನೇ ಆವೃತ್ತಿಗೆ ಅದನ್ನ ಅವರಿಂದ ಎರವಲು ತಗೊಂಡ್ರು. ಅದೂ ಮೈಬಲದ ಮಾತಲ್ಲ, ಆಯಾ ಜಾಗಕ್ಕೆ ಒಗ್ಗಿಕೊಳ್ಳೋ ಮಾತು."

ಮೇಷ್ಟ್ರು ಕತ್ತರಿ ಕೆಳಗಿಟ್ಟರು. ಹರಟೆಗೆ ಇನ್ನೇನು ಬೇಕು!

ಮೈಬಲವೇ ಲೆಕ್ಕವಾಗಿದ್ದರೆ ಇವತ್ತು ಬೇಲಿಯ ಎರಡೂ ಕಡೆ ನಮ್ಮ ಹಳೆಯ ದಾಯಾದಿಗಳಾದ ನಿಯಾಂಡರ್ತಾಲ್ ಮಾನವರು ನಿಂತಿರಬೇಕಿತ್ತು. ಮೈಕಟ್ಟು ನಮಗಿಂತ ಗಟ್ಟಿ, ಮಿದುಳು ನಮ್ಮಷ್ಟೇ ದೊಡ್ಡದು. ಯುರೋಪಿನ ಹಿಮಗಾಲಗಳನ್ನೇ ಅರಗಿಸಿಕೊಂಡವರು ಸುಮಾರು 40,000 ವರ್ಷಗಳ ಹಿಂದೆ ಕಣ್ಮರೆಯಾದರು. ವಿದ್ವಾಂಸರು ಹಲವು ಕಾರಣ ಕೊಡುತ್ತಾರೆ. ಅವುಗಳಲ್ಲೊಂದು, ಅವರ ಗುಂಪುಗಳು ಪುಟ್ಟವು, ಒಂದಕ್ಕೊಂದು ನಂಟು ಕಡಿಮೆ ಎನ್ನುವುದು. ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ಸಿಕ್ಕ ಒಬ್ಬ ನಿಯಾಂಡರ್ತಾಲ್ ಹೆಣ್ಣಿನ ಕಾಲ್ಬೆರಳಿನ ಮೂಳೆಯಿಂದ ಡಿಎನ್‌ಎ ತೆಗೆದು ನೋಡಿದರೆ, ಅವಳ ಅಪ್ಪ ಅಮ್ಮ ಮಲಸಹೋದರ-ಸಹೋದರಿಯರಷ್ಟು ಹತ್ತಿರದ ರಕ್ತಸಂಬಂಧಿಗಳು. ಪಾಪ, ಹೆಣ್ಣು ಕೇಳಲು ಪಕ್ಕದೂರೇ ಇರಲಿಲ್ಲ ಅನ್ನಿ.

ನಮ್ಮವರ ಕಥೆ ಬೇರೆ. ದಕ್ಷಿಣ ಆಫ್ರಿಕಾದ ನಡುವೆ ಲೆಸೊಥೊ ಅಂತ ಗುಡ್ಡಗಾಡಿನ ದೇಶವಿದೆ. ಅಲ್ಲಿನ ಕಲ್ಲಾಸರೆಗಳಲ್ಲಿ ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪಿನ ಮಣಿಗಳು ಸಿಕ್ಕಿವೆ. ಚಿಪ್ಪು ಒಡೆದು, ಚೂರಿಗೆ ತೂತು ಕೊರೆದು, ಅಂಚನ್ನು ಉಜ್ಜಿ ದುಂಡಗೆ ಮಾಡಿದ ಚಿಕ್ಕ ಬಿಲ್ಲೆಗಳು. ಚಿಪ್ಪಿನಲ್ಲಿ ಸ್ಟ್ರಾನ್ಷಿಯಂ ಎಂಬ ಧಾತು ಇರುತ್ತದೆ. ಬಂಡೆಯಿಂದ ಮಣ್ಣಿಗೆ, ಮಣ್ಣಿಂದ ಹುಲ್ಲಿಗೆ, ಹುಲ್ಲಿಂದ ಹಕ್ಕಿಗೆ ಬಂದದ್ದು. ಅದನ್ನು ಅಳೆದರೆ ಹಕ್ಕಿ ಯಾವ ಸೀಮೆಯಲ್ಲಿ ಮೇಯ್ದಿತ್ತು ಅಂತ ತಿಳಿಯುತ್ತದೆ. 2020ರಲ್ಲಿ ಹಾಗೆ ಅಳೆದು ನೋಡಿದಾಗ ಹೆಚ್ಚಿನ ಮಣಿಗಳು 100 ಕಿ.ಮೀ.ಗೂ ದೂರದವು, ಕೆಲವಂತೂ 325 ಕಿ.ಮೀ.ಗೂ ಆಚೆಯವು. ಮಣಿ ಕೈಯಿಂದ ಕೈಗೆ ದಾಟುವ ಈ ವ್ಯವಹಾರ ಸುಮಾರು 33,000 ವರ್ಷಗಳ ಹಿಂದೆಯೇ ಶುರುವಾಗಿತ್ತು. ಬಸ್ಸಿಲ್ಲ, ಎತ್ತಿನ ಗಾಡಿಯಿಲ್ಲ.

"ಮಣಿ ತಿಂದು ಬದುಕಿದ್ರಾ?" ಮೇಷ್ಟ್ರು ಕೇಳಿದರು.

ಅದಕ್ಕೆ ಉತ್ತರ ಆಫ್ರಿಕಾದ ಕಲಹರಿ ಮರುಭೂಮಿಯಲ್ಲಿದೆ. ಅಲ್ಲಿನ ಜುಹೋನ್ಸಿ ಜನರ ನಡುವೆ ಪಾಲಿ ವೀಸ್ನರ್ ಎಂಬ ಮಾನವಶಾಸ್ತ್ರಜ್ಞೆ 1970ರ ದಶಕದಿಂದ ಓಡಾಡಿದವರು. ಅಲ್ಲಿ ಹಾರೋ ಅಂತ ಒಂದು ಪದ್ಧತಿ. ನಾನು ನಿಮಗೊಂದು ಮಣಿಸರ ಕೊಡುತ್ತೇನೆ. ನೀವು ಕೂಡಲೇ ಏನನ್ನೂ ತಿರುಗಿ ಕೊಡಬಾರದು. ಕೊಟ್ಟರೆ ಅದು ವ್ಯಾಪಾರ. ತಿಂಗಳುಗಟ್ಟಲೆ ಬಿಟ್ಟು, ಕೆಲವೊಮ್ಮೆ ವರ್ಷವೇ ಕಳೆದ ಮೇಲೆ ನೀವೇನೋ ಕೊಡುತ್ತೀರಿ, ಆಗ ಬಾಕಿ ನನ್ನ ತಲೆಗೆ. ಲೆಕ್ಕ ಎಂದೂ ಚುಕ್ತಾ ಆಗುವುದಿಲ್ಲ. ಈ ಪಾಲುದಾರರು 200 ಕಿ.ಮೀ. ದೂರದಲ್ಲೂ ಇರುತ್ತಾರೆ. ಒಂದೇ ಮಳೆಯನ್ನು ನಂಬಿದ ಇಬ್ಬರು ಬರಗಾಲದಲ್ಲಿ ಒಬ್ಬರಿಗೊಬ್ಬರು ಏನು ಕೊಟ್ಟಾರು? ಬೇರೆ ಮಳೆಯ ಸೀಮೆಯಲ್ಲಿ ಬೇಕಾದವರು ಇರಬೇಕು.

1974ರಲ್ಲಿ ಜುಹೋನ್ಸಿಗಳ ಮುಖ್ಯ ಆಹಾರವಾದ ಮೊಂಗೊಂಗೊ ಕಾಯಿ ಕೈಕೊಟ್ಟಿತು. ರಾತ್ರಿ ಬೆಂಕಿಯ ಸುತ್ತ ಕೂತವರ ಮಾತು ಮೆಲ್ಲಗೆ ದೂರದವರ ನೆನಪಿಗೆ ಹೊರಳಿತಂತೆ: ನೋಡಿ ಎಷ್ಟು ಕಾಲವಾಯಿತು, ಮನಸ್ಸು ಎಳೆಯುತ್ತಿದೆ. ಹಗಲು ಮಣಿ ಪೋಣಿಸತೊಡಗಿದರು. ಹಸಿವು ಬಿಗಿಯಾಗುವ ಹೊತ್ತಿಗೆ ಸುಮಾರು ಅರ್ಧ ಜನ ಎದ್ದು ನೆಂಟರ ಕಡೆ ನಡೆದಿದ್ದರು. ಹೋದವರಿಗೂ ಊಟ ಸಿಕ್ಕಿತು, ಉಳಿದವರಿಗೂ ಇದ್ದದ್ದು ಸಾಕಾಯಿತು.

ಮೇಷ್ಟ್ರು ಸ್ವಲ್ಪ ಸಡಿಲವಾದರು. "ಚಿಂಪಾಂಜಿ ತಾಯಿ ಮೊದಲ ತಿಂಗಳುಗಳಲ್ಲಿ ಮರೀನ ಯಾರ ಕೈಗೂ ಕೊಡೋದಿಲ್ಲ. ನಮ್ಮವರು 'ಒಂದ್ನಿಮಿಷ ಹಿಡ್ಕೊಳ್ಳಿ' ಅಂತ ಯಾರ ಮಡಿಲಿಗಾದ್ರೂ ಹಾಕ್ತಾರೆ" ಅಂತ ತಾವೇ ಒಗ್ಗರಣೆ ಹಾಕಿದರು. ಮಾನವಶಾಸ್ತ್ರಜ್ಞೆ ಸಾರಾ ಹರ್ಡಿಯವರು ಇದರ ಮೇಲೆ ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಮಗುವನ್ನು ಸಾಕಲು ಹತ್ತು ಕೈ ಬೇಕಾದದ್ದೇ ನಮ್ಮನ್ನು ನಾವಾಗಿ ಮಾಡಿತು ಅನ್ನುವುದು ಅವರ ವಾದ.

ಆದರೆ ಮೇಷ್ಟ್ರು ಮೇಷ್ಟ್ರೇ. "ಹಾಗಾದ್ರೆ ತಗೊಂಡು ಕೊಡದೇ ಇರೋನೇ ಎಲ್ಲರಿಗಿಂತ ಮುಂದೆ ಬರಬೇಕಲ್ಲ?"

ಸರಿಯಾದ ಪ್ರಶ್ನೆ. ಬರವಣಿಗೆ ಹುಟ್ಟುವುದಕ್ಕೆ ಎಷ್ಟೋ ಸಾವಿರ ವರ್ಷ ಮೊದಲಿನ ಬಾಕಿ ಪುಸ್ತಕ ಎಲ್ಲಿತ್ತು? ನಾಲಿಗೆಯ ಮೇಲೆ. ಜುಹೋನ್ಸಿಗಳ ಮಾತುಕತೆಯನ್ನು ವೀಸ್ನರ್ ವಿಂಗಡಿಸಿ 2014ರಲ್ಲಿ ಪ್ರಕಟಿಸಿದರು. ಹಗಲಿನ ಮಾತಿನಲ್ಲಿ ಮೂರನೇ ಒಂದು ಪಾಲು ದೂರು, ಟೀಕೆ, ಚಾಡಿ. ಯಾರು ಜಿಪುಣ, ಯಾರು ದೊಡ್ಡಸ್ತಿಕೆ ತೋರಿಸಿದ, ಇತ್ಯಾದಿ. ರಾತ್ರಿ ಬೆಂಕಿಯ ಮುಂದೆ ಮಾತ್ರ ಶೇ. 81ರಷ್ಟು ಕಥೆಗಳೇ, ಅದರಲ್ಲೂ ದೂರದವರ ಕಥೆಗಳು. ಹಗಲಿನ ಚಾಡಿ ಬಾಕಿದಾರನ ಕಿವಿ ಹಿಂಡುತ್ತದೆ, ರಾತ್ರಿಯ ಕಥೆ ಕಾಣದ ನೆಂಟನನ್ನು ನೆನಪಿನಲ್ಲಿಡುತ್ತದೆ. ನಾವಿಬ್ಬರೂ ಬೇಲಿಗೆ ಒರಗಿ ಹಾಳು ಮಾಡುತ್ತೇವೆಂದು ಮನೆಯವರು ಗೊಣಗುವ ಹೊತ್ತು ಇದೆಯಲ್ಲ, ಅದು ಮನುಕುಲದ ಆಡಿಟ್.

"ಈಗಿನ ಹುಡುಗರು ನಾಲ್ಕು ನಿಂಬೆಹಣ್ಣು ಇಸ್ಕೊಂಡ್ರೂ ತಕ್ಷಣ ಫೋನ್‌ಪೇ ಮಾಡ್ತಾರ್ರೀ" ಅಂದರು ಮೇಷ್ಟ್ರು, ತುಸು ನೊಂದವರ ಹಾಗೆ. "ಕಲಹರಿಯವರಾಗಿದ್ರೆ ಸಿಟ್ಟಾಗ್ತಿದ್ರು" ಅಂದೆ.

"ಆಡಿಟ್ ಅಂದ್ರಲ್ಲ," ಅವರು ಕತ್ತರಿ ಎತ್ತಿಕೊಂಡರು, "ನಮ್ಮ ಏಣಿ ಯುಗಾದಿಗೆ ಮುಂಚೆ ನಿಮ್ಮನೆಗೆ ಬಂದಿದ್ದು."

ನಂಟು ಗಟ್ಟಿಯಾಗಿರಲಿ ಅಂತ ನಾನು ಇನ್ನೂ ವಾಪಸ್ ಕೊಟ್ಟಿಲ್ಲ.