ಎತ್ಲಾಗ್ ಹೊಂಟ್ರಿ ಸಾ?

ಮಂಡ್ಯ ಸೀಮೆಯಲ್ಲಿ ವಾಕಿಂಗ್ ಮಾಡಲು ಕಾಲಿಗಿಂತ ಬಾಯಿಗೆ ಹೆಚ್ಚು ತ್ರಾಣ ಬೇಕು. ನಾಗಮಂಗಲದಲ್ಲಿ ಬಿರುಸಾಗಿ ಹೆಜ್ಜೆ ಹಾಕಿದರೆ ಪಕ್ಕದಲ್ಲಿ ಬೈಕು ನಿಲ್ಲುತ್ತದೆ: "ಬನ್ನಿ ಸಾ, ಬುಡ್ತೀನಿ." ಬೇಡವೆಂದರೆ, "ಯಾಕ್ ಸಾ, ಮನೇಲಿ ಏನಾರ ಜಗಳ್ವಾ?" ಕೆ.ಆರ್. ಪೇಟೆಯಿಂದ ಹೊಸಹೊಳಲಿನ ಹೊಯ್ಸಳ ಗುಡಿಯತ್ತ ನಡೆದು ಹೊರಟವರನ್ನು ಹರಕೆಯೇ ಎಂದು ಕೇಳುತ್ತಾರೆ. ಬೊಜ್ಜು ಕರಗಿಸಲು ಎಂದರೆ, ದಿನವಿಡೀ ಗದ್ದೆ ಬದು ತುಳಿಯುವವರು ನಂಬುವುದು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಮೈದಣಿಸಿ, 2 ದಿನ ಸ್ನಾಯುಗಳಿಗೂ ಕೆಲಸ ಕೊಡಿ ಎನ್ನುತ್ತದೆ. ನಡಿಗೆ ಕೊಬ್ಬು ಇಳಿಸೀತು. ಸ್ನಾಯು ಬೆಳೆಸುವುದರಲ್ಲಿ ಮಾತ್ರ ಜಿಪುಣ. ತೂಕದ ಯಂತ್ರಕ್ಕೆ ಇವೆರಡರ ಭೇದ ತಿಳಿಯದು, ಪಂಚೆಯ ಕಟ್ಟಿಗೆ ತಿಳಿಯುತ್ತದೆ. ಸ್ನಾಯುವಿಗೆಂದೇ ಪಾಂಡವಪುರದಲ್ಲಿ ಕುಂತಿಬೆಟ್ಟವಿದೆ, ಶ್ರೀರಂಗಪಟ್ಟಣದ ಬಳಿ ಕರಿಘಟ್ಟದ ಮೆಟ್ಟಿಲುಗಳಿವೆ. ತೊಡೆಗೆ ಬಿಟ್ಟಿ ಜಿಮ್ಮು.

ಕಷ್ಟವೆಲ್ಲ ಇಳಿದ ಮೇಲೆ. ಅರ್ಧ ಗಂಟೆಯ ಬಿರುಸು ನಡಿಗೆಯಲ್ಲಿ ಕರಗುವುದು ಸುಮಾರು 150 ಕ್ಯಾಲರಿ. ಆಲೆಮನೆಯಲ್ಲಿ ನೆಂಟರು ಅಂಗೈಗಿಡುವ 40 ಗ್ರಾಂ ಬಿಸಿಬೆಲ್ಲದಲ್ಲಿ ಅಷ್ಟೂ ವಾಪಸು. ಒಲ್ಲೆನೆಂದು ನೋಡಿ: ಸಂಜೆಯೊಳಗೆ ನಿಮಗೆ ಸಕ್ಕರೆ ಕಾಯಿಲೆಯೆಂದು ಊರೆಲ್ಲ ಸುದ್ದಿ. ತಿಂದುಬಿಡುವುದೇ ಮರ್ಯಾದೆ.