ಗುಜರಿ ರಾಯರು

ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ಮೆಕ್ಯಾನಿಕಲ್ ಎಂಜಿನಿಯರುಗಳು ಎರಡು ಬಗೆ. ಒಂದು ಬಗೆಯವರು ಶನಿವಾರ ಬೆಳಿಗ್ಗೆ ಎದ್ದು ಲಾನ್ ಕತ್ತರಿಸುತ್ತಾರೆ. ಇನ್ನೊಂದು ಬಗೆಯವರ ಮನೆ ಮುಂದೆ ಹುಲ್ಲು ಮೊಣಕಾಲುದ್ದ ನಿಂತಿರುತ್ತದೆ, ಗ್ಯಾರೇಜಿನ ಬಾಗಿಲು ಅರ್ಧ ಎತ್ತಿರುತ್ತದೆ, ಅದರ ಕೆಳಗೆ ಎರಡು ಕಾಲು ಮಾತ್ರ ಕಾಣುತ್ತವೆ. ಆ ಕಾಲುಗಳಲ್ಲಿ ಹವಾಯಿ ಚಪ್ಪಲಿ ಇದ್ದರೆ ಅವರು ನಮ್ಮ ಗುಜರಿ ರಾಯರು. ಹಡೆದವರು ಇಟ್ಟ ಹೆಸರು ಬೇರೆಯೇ ಇದೆ. ಈ ಬಿರುದು ಕನ್ನಡ ಕೂಟ ದಯಪಾಲಿಸಿದ್ದು. ನಿಮ್ಮೂರಿನ ಕೂಟದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಸಂಕ್ರಾಂತಿಯ ಎಳ್ಳುಬೆಲ್ಲ ತೆಗೆದುಕೊಳ್ಳಲು ಚಾಚಿದ ಕೈಯ ಉಗುರು ನೋಡಿದರೆ ಗುರುತು ಸಿಗುತ್ತದೆ.

ರಾಯರು ದೊಡ್ಡ ಕಾರು ಕಂಪನಿಯೊಂದರಲ್ಲಿ ಹಿಂಬಾಗಿಲಿನ ಹಿಂಜ್‌ಗೆ ಹೊಣೆಗಾರರು. ಪೂರ್ತಿ ಹಿಂಜ್ ಅಂದುಕೊಳ್ಳಬೇಡಿ, ಅದರ ಮೇಲಿನ ಅರ್ಧ. ಕೆಳಗಿನ ಅರ್ಧ ಪುಣೆಯ ಆಫೀಸಿನವರದು. ಎರಡು ದಶಕ ಕಂಪ್ಯೂಟರ್ ಪರದೆಯ ಮೇಲೆ ಅರ್ಧ ಹಿಂಜ್ ತಿರುಗಿಸಿ ತಿರುಗಿಸಿ ನೋಡಿದ ಮನುಷ್ಯನಿಗೆ ಒಂದು ದಿನ ಇಡೀ ಕಾರನ್ನೇ ಕಟ್ಟಿಬಿಡಬೇಕು ಅನ್ನಿಸಿದರೆ ಅದಕ್ಕೆ ಹುಚ್ಚು ಅನ್ನುವುದು ಸರಿಯಲ್ಲ. ಅವರ ಹೆಂಡತಿ ಮಾತ್ರ ಅನ್ನುತ್ತಾರೆ, ಅವರಿಗೆ ಹಕ್ಕಿದೆ.

ಹುಚ್ಚು ಹತ್ತಿಸಿದ್ದು ಒಂದು ಪುಸ್ತಕ. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ 1957ರಲ್ಲಿ ಲೋಟಸ್ ಸೆವೆನ್ ಅನ್ನುವ ಪುಟ್ಟ ಕಾರು ತಂದರು. ಛಾವಣಿಯಿಲ್ಲ, ಹೇಳಿಕೊಳ್ಳುವಂಥ ಬಾಗಿಲಿಲ್ಲ. ಇದ್ದದ್ದು ಕೊಳವೆಗಳ ಚೌಕಟ್ಟು, ಎಂಜಿನ್ನು, ಎರಡು ಸೀಟು. ಬಾಗಿಲಿಲ್ಲದ ಮೇಲೆ ಹಿಂಜೂ ಇಲ್ಲ ಎಂಬುದನ್ನು ರಾಯರು ಮೊದಲ ನೋಟಕ್ಕೇ ಗಮನಿಸಿದ್ದರು. 1996ರಲ್ಲಿ ಅದೇ ದೇಶದ ರಾನ್ ಚಾಂಪಿಯನ್ ಅನ್ನುವವರು, ಅಂಥದೇ ಕಾರನ್ನು ಬರೀ 250 ಪೌಂಡ್ ಖರ್ಚಿನಲ್ಲಿ ಮನೆಯಲ್ಲೇ ಕಟ್ಟಿಕೊಳ್ಳಬಹುದು ಎಂದು ಪುಸ್ತಕ ಬರೆದರು. ಹಳೆಯ ಫೋರ್ಡ್ ಎಸ್ಕಾರ್ಟ್ ಒಂದನ್ನು ಬಿಚ್ಚಿ, ಮುಂದಿನ ಚಕ್ರಕ್ಕೆ ಫೋರ್ಡ್ ಕೊರ್ಟಿನಾದ ಸ್ಟಬ್ ಆಕ್ಸಲ್ ಹಾಕಿ ಎಂಬುದು ಆ ಪುಸ್ತಕದ ಸಲಹೆ. ಮಿಶಿಗನ್ನಿನ ಗುಜರಿಯಲ್ಲಿ ಎಲ್ಲಿಯ ಕೊರ್ಟಿನಾ? ಬೇರೆಯವರು ಇಲ್ಲಿಗೆ ಪುಸ್ತಕ ಮುಚ್ಚಿಡುತ್ತಿದ್ದರು. ರಾಯರ ಕಣ್ಣಿಗೆ ಹೊಳಪು ಬಂದದ್ದೇ ಇಲ್ಲಿ.

ಇಲ್ಲಿನ ಗುಜರಿಯಲ್ಲಿ ರಾಶಿ ಬಿದ್ದಿರುವುದು ಷೆವ್ರೊಲೆ ಎಸ್-10 ಎಂಬ ಪಿಕಪ್ ಟ್ರಕ್. 1982ರ ಮಾದರಿಯಿಂದ 2004ರ ಮಾದರಿಯವರೆಗೆ ಅದು ಇಲ್ಲಿ ಮಾರಾಟವಾಗಿದೆ. ಹಿಂದಿನ ಚಕ್ರ ಮಾತ್ರ ಎಳೆಯುವ ಮಾದರಿಯಲ್ಲಿ ಮುಂದಿನ ಒಂದೊಂದು ಚಕ್ರಕ್ಕೂ ಮೇಲೊಂದು ಕೆಳಗೊಂದು ವಿಶ್‌ಬೋನ್ ಎಂಬ ಆರ್ಮ್, ನಡುವೆ ಕಾಯಿಲ್ ಸ್ಪ್ರಿಂಗ್. ಸ್ಪೋರ್ಟ್ಸ್ ಕಾರಿಗೂ ಬೇಕಾದದ್ದು ಇದೇ ವಿನ್ಯಾಸ. “ಜಾತಕ ಕೂಡಿತು” ಅಂದರು ರಾಯರು. ಇಲ್ಲಿನ ಗುಜರಿಯಲ್ಲಿ ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ, ನಮ್ಮ ಸ್ಪ್ಯಾನರಿನಿಂದ ನಾವೇ ಬಿಚ್ಚಿಕೊಳ್ಳಬೇಕು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಸೀಮೆ ಇದು. ಬೋಲ್ಟು ಯಾವುದು, ತುಕ್ಕು ಯಾವುದು ಎಂದು ಬೇರ್ಪಡಿಸಿ ಹೇಳಲಾಗದು. ಬಾಲ್ ಜಾಯಿಂಟ್ ಕಳಚಲು ಮಧ್ಯಾಹ್ನವೆಲ್ಲ ಸುತ್ತಿಗೆಯಲ್ಲಿ ಹೊಡೆದು, ಸಂಜೆ ಎರಡೂ ಕಡೆಯ ಪರಿವಾರವನ್ನು ಕ್ಯಾಮ್ರಿಯ ಡಿಕ್ಕಿಗೆ ತುಂಬಿಕೊಂಡು ಬಂದರು. ಆವತ್ತಿನಿಂದ ಕ್ಯಾಮ್ರಿ ಹಿಮದಲ್ಲಿ ನಿಂತಿದೆ, ತುಕ್ಕು ಹೀಟರಿನ ಮುಂದೆ ಮಲಗಿದೆ.

ಕಷ್ಟ ಶುರುವಾದದ್ದು ತೂಕದಿಂದ. ಆ ಟ್ರಕ್ಕು ಸುಮಾರು 1,300 ಕಿಲೋ, ಹಿಂದೆ ಹೊರುವ ಸಾಮಾನು ಬೇರೆ. ರಾಯರ ಕಾರು ಎಲ್ಲ ಸೇರಿ 600 ಕಿಲೋ ಆದರೆ ಹೆಚ್ಚು. ಟ್ರಕ್ಕಿನ ಸ್ಪ್ರಿಂಗನ್ನೇ ಕೂರಿಸಿ ನೋಡಿದರು. ಮೂತಿ ಆಕಾಶ ನೋಡಿತು. ಕೂಟದ ಅಧ್ಯಕ್ಷರನ್ನೂ ಖಜಾಂಚಿಯವರನ್ನೂ ಕರೆದು ಚೌಕಟ್ಟಿನ ಮುಂಭಾಗದ ಮೇಲೆ ಕೂರಿಸಲಾಯಿತು. ಇಬ್ಬರೂ ಭಾರಿ ಆಳುಗಳೇ. ಸ್ಪ್ರಿಂಗ್ ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹೊಸ ಸ್ಪ್ರಿಂಗ್ ತರಿಸಿದರು. ಅದನ್ನು ಆರ್ಮಿನ ನಟ್ಟನಡುವೆ ಕೂರಿಸಿದರೆ ಚಕ್ರಕ್ಕೆ ಸಿಗುವ ಬಿಗಿ ಅರ್ಧವಲ್ಲ, ಕಾಲು ಭಾಗ. ಈ ಲೆಕ್ಕವನ್ನು ಅವರು ಸತ್ಯನಾರಾಯಣ ಪೂಜೆಯೊಂದರಲ್ಲಿ ಪಕ್ಕದವರಿಗೆ ಪ್ರಸಾದದ ದೊನ್ನೆ ಮತ್ತು ಚಮಚ ಹಿಡಿದು ವಿವರಿಸಿದರು. ಸಪಾದ ಭಕ್ಷ್ಯದ ರವೆ ಪಕ್ಕದವರ ಪಂಚೆಯ ಮೇಲೆ ಬಿತ್ತು, ಸಿದ್ಧಾಂತ ಮಾತ್ರ ಮನದಟ್ಟಾಯಿತು.

ಹೊಸ ಸ್ಪ್ರಿಂಗಿಗೆ ಟ್ರಕ್ಕಿನ ಆರ್ಮ್ ಹೊಂದಲಿಲ್ಲ. ಕೊಳವೆ ಬಾಗಿಸಿ, ಬೆಸೆದು, ಹೊಸ ಆರ್ಮ್ ಮಾಡಿದರು. ಆಮೇಲೆ ಸ್ಟೀರಿಂಗ್ ರ‍್ಯಾಕ್ ಇಡಬೇಕಾದ ಜಾಗದಲ್ಲಿ ಎಂಜಿನ್ ಬಂದು ಕೂತಿತ್ತು. ರಾಯರು ಒಂದು ರಾತ್ರಿ ಯೋಚಿಸಿ, ಎಡಗಡೆಯ ಸ್ಟಬ್ ಆಕ್ಸಲನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿಬಿಟ್ಟರು. ಸ್ಟೀರಿಂಗಿನ ತೋಳು ತಾನಾಗಿ ಇನ್ನೊಂದು ದಿಕ್ಕಿಗೆ ತಿರುಗಿ, ರ‍್ಯಾಕಿಗೆ ಜಾಗವಾಯಿತು. ಆ ಖುಷಿಗೆ ನಮಗೆಲ್ಲ ಕಾಫಿಯೂ ಆಯಿತು. ಆದರೆ ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕು, ಅದು ಆಕರ್‌ಮನ್ ಎಂಬ ಹೆಸರಿನ ಹಳೆಯ ನಿಯಮ. ತೋಳು ಅದಲುಬದಲಾದ ಮೇಲೆ ನಿಯಮವೂ ಉಲ್ಟಾ ಆಯಿತು. ಗ್ಯಾರೇಜಿನ ನೆಲದಲ್ಲಿ ತಳ್ಳಿ ತಿರುಗಿಸಿದರೆ ಎರಡು ಚಕ್ರಗಳೂ ಬೇರೆ ಬೇರೆ ಊರಿಗೆ ಹೊರಟವು. ಮತ್ತೆ ಬಿಚ್ಚಿದರು.

ಈ ಜಾತಿಯವರು ಸಸ್ಪೆನ್ಷನ್ನನ್ನೇ ಯಾಕೆ ಹಿಡಿದುಕೊಳ್ಳುತ್ತಾರೆ ಅನ್ನುವುದು ನನಗೆ ಹೊಳೆದದ್ದು ಆಗ. ಎಂಜಿನ್ನಿನ ವ್ಯವಹಾರ ಸಪ್ಪೆ: ಹೊತ್ತಿಕೊಳ್ಳುತ್ತದೆ, ಇಲ್ಲವೇ ಇಲ್ಲ. ಬಣ್ಣ ಬಳಿದರೆ ಮುಗಿಯಿತು. ಮುಂದಿನ ಸಸ್ಪೆನ್ಷನ್ ಮಾತ್ರ ಅವಿಭಕ್ತ ಕುಟುಂಬದ ಆಸ್ತಿಯ ಹಾಗೆ. ಒಬ್ಬನ ಗಡಿಕಲ್ಲು ಒಂದಿಂಚು ಸರಿಸಿದರೆ ಉಳಿದ ಅಷ್ಟೂ ಮಂದಿ ತಕರಾರು ತೆಗೆಯುತ್ತಾರೆ. ಚಕ್ರದ ಓರೆಗಳದೂ ಅದೇ ಕಥೆ: ಕ್ಯಾಂಬರ್ ಸರಿ ಮಾಡಿದರೆ ಕ್ಯಾಸ್ಟರ್ ಕೈಕೊಡುತ್ತದೆ, ಕ್ಯಾಸ್ಟರನ್ನು ಒಲಿಸಿಕೊಂಡರೆ ಟೋ ಮುನಿಸಿಕೊಳ್ಳುತ್ತದೆ. ಮುಗಿಯಲೇಬಾರದು ಎಂದು ಒಳಗೊಳಗೇ ಹರಕೆ ಹೊತ್ತವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಭೂಮಿಯ ಮೇಲೆ ಇನ್ನೊಂದಿಲ್ಲ. “ಹೇಗಿದ್ದೀರಿ ರಾಯರೇ?” ಅಂದರೆ ಅವರು ತಮ್ಮ ಬಿಪಿ ಹೇಳುವುದಿಲ್ಲ, “ಬಂಪ್ ಸ್ಟಿಯರ್ ಇನ್ನೂ ಒಂಚೂರು ಇದೆ ಸಾರ್” ಅನ್ನುತ್ತಾರೆ.

ಬಂಪ್ ಸ್ಟಿಯರ್ ಎಂದರೆ ಗುಂಡಿಗೆ ಬಿದ್ದ ಚಕ್ರ ಚಾಲಕನನ್ನು ಕೇಳದೆ ತಾನೇ ದಿಕ್ಕು ಬದಲಿಸುವ ರೋಗ. ಟೈ ರಾಡಿನ ಉದ್ದವೂ ಓರೆಯೂ ವಿಶ್‌ಬೋನ್‌ಗಳ ಚಲನೆಗೆ ಹೊಂದದಿದ್ದರೆ ಬರುತ್ತದೆ. ಟ್ರಕ್ಕಿನ ಭಾಗಕ್ಕೆ ಬೇರೆ ಕಾರಿನ ರ‍್ಯಾಕ್ ಕಟ್ಟಿದವರಿಗೆ ತಪ್ಪಿದ್ದಲ್ಲ. ಪತ್ತೆಗೆ ಸ್ಪ್ರಿಂಗ್ ತೆಗೆದು, ಚಕ್ರದ ಹಬ್ಬಿಗೆ ಲೇಸರ್ ಪಾಯಿಂಟರ್ ಕಟ್ಟಿ, ಜಾಕಿಯಿಂದ ಚಕ್ರವನ್ನು ಮೇಲೆ ಕೆಳಗೆ ಮಾಡುತ್ತ ಎದುರು ಗೋಡೆಯ ಮೇಲೆ ಕೆಂಪು ಚುಕ್ಕೆ ಎತ್ತ ಸರಿಯುತ್ತದೆ ಎಂದು ಗುರುತು ಹಾಕಬೇಕು. ಆ ಪಾಯಿಂಟರ್ ಕೂಟದ್ದು. ರಾಜ್ಯೋತ್ಸವದ ದಿನ ಹಂಪಿಯ ಬಗ್ಗೆ ಉಪನ್ಯಾಸ ಕೊಡಲು ಬಂದ ಪ್ರಾಧ್ಯಾಪಕರು ಬೆರಳು ತೋರಿಸಿಯೇ ವಿರೂಪಾಕ್ಷನ ಗೋಪುರ ಹತ್ತಬೇಕಾಯಿತು.

ಹುಡುಗಾಟ ಅಂದುಕೊಂಡು ಯಾರಾದರೂ ಉಪಾಯ ಹೇಳಿದರೆ ರಾಯರ ಇನ್ನೊಂದು ಮುಖ ಕಾಣುತ್ತದೆ. ಟೈ ರಾಡ್ ತುದಿಯ ಕಡ್ಡಿ ಮೊನೆಯ ಕಡೆಗೆ ಸಣ್ಣಗಾಗುತ್ತ ಹೋಗುತ್ತದೆ, ಅದು ಕೂರುವ ತೂತೂ ಅಷ್ಟೇ ಓರೆ ಇರಬೇಕು. 7 ಡಿಗ್ರಿಯದೂ ಉಂಟು, 10 ಡಿಗ್ರಿಯದೂ ಉಂಟು. ಒಂದರಲ್ಲಿ ಇನ್ನೊಂದು ಹೊಕ್ಕು ನಟ್ ಬಿಗಿಯಾದ ಹಾಗೆ ಕಾಣಬಹುದು, ಹಿಡಿದಿರುವುದು ಅಂಚು ಮಾತ್ರ. “ಒಂದು ವಾಷರ್ ಹಾಕಿ ಎಳೀರಿ ರಾಯರೇ” ಅಂದ ಸಾಫ್ಟ್‌ವೇರ್ ಮಿತ್ರರೊಬ್ಬರನ್ನು ಅವರು ತಿಂಗಳುಗಟ್ಟಲೆ ಮಾತಾಡಿಸಲಿಲ್ಲ. ಸರಿಯಾದ ಓರೆಯ ರೀಮರ್ ತರಿಸಿ, ಕೈಯಲ್ಲೇ ತಿರುಗಿಸಿ, ನೀಲಿ ಹಚ್ಚಿ ನೋಡಿ, ಸುತ್ತಲೂ ಒರಗಿದೆ ಎಂದು ಖಾತ್ರಿಯಾದ ಮೇಲೆಯೇ ಕಾಟರ್ ಪಿನ್ ಹಾಕಿದರು. ತಾಳ ತಪ್ಪಿದರೂ ನಕ್ಕು ಸುಮ್ಮನಾಗುವ ಮನುಷ್ಯ ಓರೆ ತಪ್ಪಿದರೆ ಕ್ಷಮಿಸುವುದಿಲ್ಲ.

ಮನೆಯೊಳಗೆ ಅವರ ಆಡಳಿತ ಅಷ್ಟು ಸಲೀಸಲ್ಲ. ಹಬ್ಬಿನೊಳಗೆ ಬೇರಿಂಗಿನ ಬಳೆ ಕೂರಿಸಬೇಕಾದರೆ ಬಳೆಯನ್ನು ತಣ್ಣಗೆ ಮಾಡಿ ಕುಗ್ಗಿಸಬೇಕು, ಹಬ್ಬನ್ನು ಬಿಸಿ ಮಾಡಿ ಹಿಗ್ಗಿಸಬೇಕು. ಫ್ರೀಜರಿನಲ್ಲಿ ಕಾಯಿತುರಿಯ ಪೊಟ್ಟಣದ ಪಕ್ಕದಲ್ಲಿ ಬಳೆಗಳು ಸಿಕ್ಕಾಗ ಮನೆಯವರು ತಾಳಿಕೊಂಡರು. ಬಾಣಲೆ ತವಾ ಇಡುವ ಓವನ್ನಿನಿಂದ ಸುಟ್ಟ ಗ್ರೀಸಿನ ವಾಸನೆ ಬಂದ ದಿನ ಮಾತ್ರ, “ರೀ, ಹಬ್ಬ ಅಂದ್ರೆ ನಮ್ಮನೇಲಿ ಒಬ್ಬಟ್ಟು ಬೇಯ್ತಿತ್ತು. ನಿಮ್ಮನೇಲಿ ಹಬ್ಬೇ ಬೇಯತ್ತೆ” ಅಂದರಂತೆ.

ರಾಯರ ನಿಜವಾದ ಭಯ ಇದ್ದದ್ದು ರಸೀದಿಗಳದು. ಮನೆಯಲ್ಲಿ ಕಟ್ಟಿದ ಕಾರಿಗೆ ಇಲ್ಲಿ ನೋಂದಣಿ ಸಿಗುತ್ತದೆ, ಆದರೆ ಭಾಗಗಳು ಎಲ್ಲಿಂದ ಬಂದವು ಎಂಬುದಕ್ಕೆ ಲೆಕ್ಕ ತೋರಿಸಬೇಕು. ಊರಿನಲ್ಲಾದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ತಯಾರಕರ ಮೂಲ ಸ್ವರೂಪವನ್ನೇ ಬದಲಿಸಲು ಬಿಡುವುದಿಲ್ಲ, ರಸೀದಿಯ ಗೊಡವೆಯೇ ಇಲ್ಲ. ಇಲ್ಲಿ ಸರ್ಕಾರಕ್ಕಾಗಿ ಒಂದೊಂದನ್ನೂ ಜೋಪಾನ ಮಾಡಬೇಕು, ಮನೆಯಲ್ಲಿ ಒಂದೂ ಕಣ್ಣಿಗೆ ಬೀಳಬಾರದು. ಫೈಲಿಗೆ “ಹಿಂಜ್ – ಮೇಲಿನ ಅರ್ಧ” ಎಂದು ಹೆಸರು ಬರೆದು ಆಫೀಸಿನ ಬ್ಯಾಗಿನಲ್ಲಿಟ್ಟಿದ್ದರು. ಕಾರನ್ನು ನೋಡಲು ಬಂದ ಪೊಲೀಸಪ್ಪ ಆ ಫೈಲನ್ನು ಅಡುಗೆಮನೆಯ ಟೇಬಲ್ಲಿನ ಮೇಲೆ ಹರಡಿಕೊಂಡು, ಒಂದೊಂದೇ ರಸೀದಿಯ ಮೊತ್ತವನ್ನು ಗಟ್ಟಿಯಾಗಿ ಓದಿದ. ಚಹಾ ತಂದಿಟ್ಟ ಮನೆಯವರು ಅಲ್ಲೇ ನಿಂತು ಕೇಳಿಸಿಕೊಂಡರು. ಟ್ರಕ್ಕಿನಿಂದ ಕಡೆಗೂ ಕಾರಿಗೆ ಸೇರಿದ್ದು ಎರಡು ಸ್ಟಬ್ ಆಕ್ಸಲ್, ಹಬ್ಬು, ಬ್ರೇಕು. ಆ ಎರಡು ಸ್ಟಬ್ಬಿಗೆ ಹೊಂದುವ ಉಳಿದ ಲೋಕವನ್ನೆಲ್ಲ ರಾಯರು ಹೊಸದಾಗಿ ಕೊಂಡಿದ್ದರು.

ಅಂತೂ ಕಾರು ಓಡಿತು. ಚೆನ್ನಾಗಿಯೇ ಓಡಿತು, ಗುಂಡಿಗೆ ಬಿದ್ದರೂ ನೆಟ್ಟಗೆ ಹೋಯಿತು. ಕೂಟದವರೆಲ್ಲ ಒಬ್ಬೊಬ್ಬರಾಗಿ ಕೂತು ಬಂದರು. ರಾಯರು ಮಾತ್ರ ದಿನದಿನಕ್ಕೆ ಮಂಕಾದರು. ಲಾನ್ ಕತ್ತರಿಸಿದರು. ಕ್ಯಾಮ್ರಿ ತೊಳೆದರು.

ಆಮೇಲೊಂದು ಭಾನುವಾರ ಅವರ ಮನೆಯವರು ಮೊದಲ ಬಾರಿಗೆ ಆ ಕಾರಿನಲ್ಲಿ ಒಂದು ಸುತ್ತು ಹೋಗಿಬಂದು, ಹೆಲ್ಮೆಟ್ ಕಳಚುತ್ತ, “ಎಡಗಡೆ ಮುಂದಿನ ಚಕ್ರದ ಹತ್ರ ಏನೋ ಟಕ್ ಟಕ್ ಅಂತಿತ್ತು ಕಣ್ರೀ” ಅಂದರು. ಕಾಫಿ ಸೋಸುವಷ್ಟರಲ್ಲಿ ಕಾರು ಜಾಕಿಯ ಮೇಲಿತ್ತು, ಬಾಗಿಲು ಅರ್ಧ ಇಳಿದಿತ್ತು, ಕೆಳಗೆ ಹವಾಯಿ ಚಪ್ಪಲಿ ಕಾಣುತ್ತಿತ್ತು, ಒಳಗಿನಿಂದ ಶಿಳ್ಳೆ ಕೇಳುತ್ತಿತ್ತು.

ಸದ್ದು ನಿಜವಾಗಿ ಇತ್ತೇ ಎಂದು ನಾವು ಮೆಲ್ಲಗೆ ಕೇಳಿದೆವು.

“ಎಲ್ಲೀದು! ಹೋದ ವಾರ ಮಿಕ್ಸಿ ಬಿಚ್ಚಿದ್ರು. ನೆನ್ನೆ ಸ್ಪ್ಯಾನರ್ ಹಿಡ್ಕೊಂಡು ನನ್ನ ಗ್ರೈಂಡರ್ ಸುತ್ತ ಓಡಾಡ್ತಿದ್ರು. ಕೊಯಮತ್ತೂರಿಂದ ಹೊತ್ಕೊಂಡು ಬಂದಿರೋ ಗ್ರೈಂಡರ್ ಕಣ್ರೀ ಅದು. ಇವರ ಕಾರು ಯಾವಾಗ ಬೇಕಾದ್ರೂ ಓಡಲಿ, ನಂಗೆ ನಾಳೆ ದೋಸೆ ಆಗ್ಬೇಕು.”