ನೋಟಿಸ್ ಬಂದ ದಿನವೇ ಬಡವರಾದ ಗಂಡಂದಿರಿಗೆ

ಮಾನ್ಯ ದಿಢೀರ್ ದರಿದ್ರರೇ,

‘ಉಭಯ ಕುಶಲೋಪರಿ’ ಎಂದು ಶುರುಮಾಡುವುದು ವಾಡಿಕೆ. ಆದರೆ ಫ್ಯಾಮಿಲಿ ಕೋರ್ಟಿಗೆ ನೀವು ಕೊಟ್ಟ ಅಫಿಡವಿಟ್ ಓದಿದ ಮೇಲೆ ನಿಮ್ಮ ಕುಶಲದ ಬಗ್ಗೆ ಹಾಗೆ ಬರೆಯಲು ಕೈ ಏಳುತ್ತಿಲ್ಲ. ಯುಗಾದಿಗೆ ಹೊಸ ಕಾರು ತಂದವರು ದೀಪಾವಳಿಯ ಹೊತ್ತಿಗೆ ‘ಸ್ನೇಹಿತರ ನೆರವಿನಿಂದ ದಿನ ದೂಡುತ್ತಿದ್ದೇನೆ’ ಎಂದು ಪ್ರಮಾಣ ಮಾಡಿದ್ದೀರಿ. ನಡುವೆ ಆಗಿದ್ದು ಇಷ್ಟೇ: ಹೆಂಡತಿಯ ವಕೀಲರ ನೋಟಿಸು ಬಂತು.

ನಿಮ್ಮ ಸಂಬಳದ ಅವತಾರಗಳಿಗೆ ಕೈಮುಗಿಯಬೇಕು. ಹೆಣ್ಣು ನೋಡಲು ಹೋದಾಗ ಹೇಳಿದ್ದು ಸಿಟಿಸಿ. ಗ್ರಾಚ್ಯುಟಿ, ಇನ್ಶೂರೆನ್ಸು, ಊಟದ ಕೂಪನ್ನು ಸಮೇತ. ಗೃಹಸಾಲದ ಅರ್ಜಿಯಲ್ಲಿ ಅದಕ್ಕೆ ಬೋನಸ್ಸು, ಬಾಡಿಗೆ, ಊರಿನ ಅಡಿಕೆ ತೋಟ ಸೇರಿಕೊಂಡವು. ಕೋರ್ಟಿನಲ್ಲಿ ಮಾತ್ರ ಕಾರಿನ ಇಎಂಐ, ಪರ್ಸನಲ್ ಲೋನು, ಚೀಟಿ ಕಂತು, ಎಸ್‌ಐಪಿ ಎಲ್ಲ ಕಳೆದು ಬಸ್ ಚಾರ್ಜಿಗಾಗುವಷ್ಟು ಉಳಿಯಿತು. ತನ್ನ ಹೆಸರಿನಲ್ಲೇ ಬೆಳೆಯುವ ಎಸ್‌ಐಪಿಯನ್ನು ಖರ್ಚಿನ ಕಾಲಮ್ಮಿನಲ್ಲಿ ಬರೆಯಲು ಗುಂಡಿಗೆ ಬೇಕು. ನಿಮ್ಮ ಕಷ್ಟವೂ ಅರ್ಥವಾಗುತ್ತದೆ. 2017ರಲ್ಲಿ ಸುಪ್ರೀಂ ಕೋರ್ಟು ಒಂದು ಪ್ರಕರಣದಲ್ಲಿ ಗಂಡನ ನಿವ್ವಳ ಸಂಬಳದ ಶೇ. 25ರಷ್ಟು ಜೀವನಾಂಶ ನ್ಯಾಯವಾದದ್ದು ಎಂದಿತ್ತು. ಅದು ಎಲ್ಲರಿಗೂ ಅನ್ವಯಿಸುವ ಕಟ್ಟಳೆಯೇನಲ್ಲ. ಆದರೂ ನೀವು ಮುಂಜಾಗ್ರತೆಯಾಗಿ ನಿವ್ವಳವನ್ನೇ ನೀರಿನಲ್ಲಿ ಕದಡಿಬಿಟ್ಟಿರಿ.

2020ರ ನವೆಂಬರಿನಲ್ಲಿ ಅದೇ ಕೋರ್ಟು ರಜನೇಶ್–ನೇಹಾ ಪ್ರಕರಣದಲ್ಲಿ ಇನ್ನೊಂದು ತೊಂದರೆ ತಂದಿಟ್ಟಿತು. ಜೀವನಾಂಶ ಕೇಳುವವರೂ ಕೊಡಬೇಕಾದವರೂ ಆಸ್ತಿ-ಸಾಲಗಳನ್ನೆಲ್ಲ ಅಫಿಡವಿಟ್ಟಿನಲ್ಲಿ ಬಿಚ್ಚಿಡಬೇಕಂತೆ. ಎದುರು ಪಕ್ಷಕ್ಕೆ ಹೆಚ್ಚೆಂದರೆ 4 ವಾರ. ನಮೂನೆಗಳು ಮೂರು: ಕೃಷಿಕರಲ್ಲದವರಿಗೊಂದು, ಕೃಷಿಕರಿಗೊಂದು, ಮೇಘಾಲಯಕ್ಕೊಂದು. ವಾರದ ದಿನಗಳಲ್ಲಿ ಮ್ಯಾನೇಜರು, ಕೋರ್ಟಿನ ದಿನ ರೈತರು ಆಗಿರುವ ನಿಮ್ಮಂಥವರಿಗೆ ನಾಲ್ಕನೆಯದೊಂದು ಬೇಕಿತ್ತು. (ನೋಟಿಸಿನ ಹಿಂದಿನ ದಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ‘ಆದಾಯ: ಶೂನ್ಯ’ ಎಂದು ಬರೆಯುವ ಶ್ರೀಮತಿಯರೂ ಇದ್ದಾರೆ. ಅವರಿಗೆ ಬೇರೆ ಕಾಗದ ಬರೆಯುತ್ತೇನೆ.)

ಇನ್ನು ನಿಮ್ಮ ಮಾತೃಭಕ್ತಿ. ಇಷ್ಟು ವರ್ಷ ಅಮ್ಮನ ಕನ್ನಡಕ ಬದಲಿಸಲು ಪುರುಸೊತ್ತಾಗದ ನೀವು ಒಂದೇ ವಾರದಲ್ಲಿ ಫ್ಲ್ಯಾಟನ್ನು ದಾನಪತ್ರ ಮಾಡಿ ಅವರ ಹೆಸರಿಗೆ ಬರೆದಿರಿ, ಸೈಟನ್ನು ತಮ್ಮನಿಗೆ ಕೊಟ್ಟಿರಿ. ಕುಟುಂಬದೊಳಗಿನ ದಾನಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಕೆಲವೇ ಸಾವಿರ. ಕರ್ಣನಿಗೂ ಇಷ್ಟು ಅಗ್ಗದಲ್ಲಿ ದಾನ ಮಾಡುವ ಯೋಗವಿರಲಿಲ್ಲ. ಒಂದೇ ಅಡಚಣೆ, ಇ.ಸಿ. ತೆಗೆಸಿದವರಿಗೆ ನೋಂದಣಿಯ ತಾರೀಖೂ ಕಾಣುತ್ತದೆ. ಸ್ವತ್ತಿನ ಆದಾಯದಿಂದ ಜೀವನಾಂಶ ಪಡೆಯುವ ಹಕ್ಕು ಯಾರಿಗಾದರೂ ಇದ್ದರೆ, ಆ ಸ್ವತ್ತನ್ನು ಪುಕ್ಕಟೆಯಾಗಿ ಪಡೆದವರ ಮೇಲೂ ಆ ಹಕ್ಕು ನಡೆಯುತ್ತದೆ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 39ನೇ ಕಲಮು ಹೇಳುತ್ತದೆ. ನಿಮ್ಮ ಮುತ್ತಜ್ಜನ ಕಾಲದ ಕಾಯ್ದೆ. ಆಗಲೂ ಇಂಥ ದಾನಿಗಳಿದ್ದರು ಅನ್ನಿ.

ನನಗೆ ನಿಜಕ್ಕೂ ಬೇಸರವಾಗುವುದು ನೀವು ಪಟ್ಟ ಶ್ರಮ ಕಂಡು. ಮಾಜಾಳಿ ಗಡಿಯಾಚೆ ಗೋವಾದವರಿಗೆ, ಮದುವೆಗೆ ಮೊದಲು ಬೇರೆ ಕರಾರು ಮಾಡಿಕೊಳ್ಳದಿದ್ದರೆ, ಆಸ್ತಿಯಲ್ಲಿ ಗಂಡ-ಹೆಂಡತಿ ಸಮಪಾಲುದಾರರು. ಈಚೆ ನಮ್ಮಲ್ಲಿ ಹಾಗಿಲ್ಲ. ಪತ್ರ ಯಾರ ಹೆಸರಿನಲ್ಲಿದೆಯೋ ಮನೆ ಅವರದು. ನೀವು ರಾತ್ರಿ ಕಾನ್ಫರೆನ್ಸ್ ಕಾಲಿನಲ್ಲಿದ್ದಾಗ ಮಗುವಿನ ಜ್ವರ ನೋಡಿಕೊಂಡವರು, ನಿಮ್ಮ ಇಎಂಐ ತಪ್ಪದಿರಲೆಂದು ತನ್ನ ಸಂಬಳವನ್ನು ದಿನಸಿಗೂ ಸ್ಕೂಲ್ ಫೀಸಿಗೂ ಸುರಿದವರು ಯಾವ ಖಾತೆಯಲ್ಲೂ ದಾಖಲಾಗಿಲ್ಲ. ಅಂದರೆ ಕಾನೂನು ಮೊದಲೇ ನಿಮ್ಮ ಪಕ್ಕ ಕುರ್ಚಿ ಹಾಕಿಕೊಂಡು ಕೂತಿತ್ತು. ಆಕೆ ಕೇಳುತ್ತಿರುವುದು ಮನೆಯಲ್ಲ, ಜೀವನಾಂಶ. ಅದಕ್ಕೇ ಇಷ್ಟು ನಾಟಕ!

ಆಕೆಯ ತವರಿನ ಒಡವೆಯನ್ನು ‘ಕುಟುಂಬದ ಚಿನ್ನ’ ಎಂದು ನಿಮ್ಮ ಲಾಕರಿನಲ್ಲಿಟ್ಟಿದ್ದೀರಲ್ಲ, ಅದನ್ನು ಮಾತ್ರ ಮೊದಲು ಕೊಟ್ಟುಬಿಡಿ. ಸ್ತ್ರೀಧನ ಹೆಂಡತಿಯ ಸ್ವಂತದ್ದೆಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. ಜಂಟಿ ಗೃಹಸಾಲದ ವಿಷಯವೂ ನೆನಪಿರಲಿ. ಕೋರ್ಟು ಮದುವೆಯನ್ನು ಬಿಡಿಸಿದರೂ ಬ್ಯಾಂಕು ಸಾಲವನ್ನು ಬಿಡಿಸುವುದಿಲ್ಲ. ಇಬ್ಬರ ಸಹಿಯಿದ್ದರೆ ಕಂತು ತಪ್ಪಿದಾಗ ಇಬ್ಬರಿಗೂ ಫೋನು ಬರುತ್ತದೆ.

2023ರಲ್ಲಿ ಜೈಪುರದ ಒಬ್ಬ ಮಹಾಶಯ ಬಾಕಿ ಜೀವನಾಂಶದ 55 ಸಾವಿರ ರೂಪಾಯಿಯನ್ನು ಒಂದು, ಎರಡು ರೂಪಾಯಿ ನಾಣ್ಯಗಳಲ್ಲಿ ಮೂಟೆ ಕಟ್ಟಿ ಕೋರ್ಟಿಗೆ ತಂದಿದ್ದರು. ಆತನ ಬಳಿ ಕಡೇಪಕ್ಷ ಚಿಲ್ಲರೆಯಾದರೂ ಇತ್ತು.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಫ್ಲ್ಯಾಟು ಅವರ ಹೆಸರಿಗೆ ಬಂದಿರುವುದು ಅವರಿಗೇ ಗೊತ್ತಿಲ್ಲದಿದ್ದರೆ ಅದನ್ನೂ ತಿಳಿಸಿಬಿಡಿ. ಪಾಟೀಸವಾಲಿನಲ್ಲಿ ಮೊದಲ ಸಲ ಕೇಳಿದರೆ ವಯಸ್ಸಾದವರು, ನಿಜ ಹೇಳಿಬಿಟ್ಟಾರು.

ಇಂತಿ,
ನಿಮ್ಮ ಹಿತೈಷಿ